ಐಪಿಒ ಮೊದಲ ದಿನವೇ ಏಕೆ ಸೋಲುತ್ತದೆ: ಅರ್ಜಿ ಹಾಕುವ ಮೊದಲು ನೋಡಿಕೊಳ್ಳುವ ಬಗೆ

ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಏಕಸ್ ಕಂಪನಿಯ ಷೇರು 2025ರ ಡಿಸೆಂಬರ್‌ನಲ್ಲಿ ಪೇಟೆಗೆ ಬಂದು, ಮೊದಲ ದಿನವೇ ವಿತರಣಾ ಬೆಲೆಗಿಂತ, ಅಂದರೆ ಅರ್ಜಿದಾರರಿಗೆ ಕೊಟ್ಟ ಬೆಲೆಗಿಂತ, ಮೇಲೆ ತೆರೆದುಕೊಂಡಿತು. ಅಂದಿನಿಂದ ಬೆಳಗಾವಿಯಲ್ಲಿ ಐಪಿಒ (ಕಂಪನಿಯೊಂದು ಮೊದಲ ಬಾರಿಗೆ ಜನರಿಗೆ ಷೇರು ಮಾರುವುದು) ಮಾತು ಹೆಚ್ಚಾಗಿದೆ. ಉದ್ಯಮಬಾಗದ ಕೆಲವು ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ, ವಾರಕ್ಕೆ ನಾಲ್ಕೈದು ಜನರಾದರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸಾಹೇಬ್ರ, ಇದರದ ಜಿಎಂಪಿ ಎಷ್ಟ ನಡದೈತ್ರಿ?" ಷೇರು ಪೇಟೆಗೆ ಬರುವ ಮೊದಲೇ ವಿತರಣಾ ಬೆಲೆಯ ಮೇಲೆ ಎಷ್ಟು ಹೆಚ್ಚು ನಡೆಯುತ್ತಿದೆ ಎಂದು ಹೇಳುವ, ಗ್ರೇ ಮಾರ್ಕೆಟ್ ಪ್ರೀಮಿಯಂ ಎಂಬ ಆ ಅಂಕಿ ಯಾವ ನಿಯಂತ್ರಣಕ್ಕೂ ಒಳಪಡದ, ಯಾವ ವಿನಿಮಯ ಕೇಂದ್ರದಲ್ಲೂ ದಾಖಲಾಗದ ಬಾಯಿಮಾತಿನ ವ್ಯವಹಾರದಿಂದ ಬರುತ್ತದೆ. ಅದರ ಜಾಗದಲ್ಲಿ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಲಿಸ್ಟಿಂಗ್ ದಿನ, ಅಂದರೆ ಷೇರು ಪೇಟೆಯಲ್ಲಿ ಮೊದಲು ವಹಿವಾಟಾಗುವ ದಿನ, ಬೆಳಿಗ್ಗೆ ಈ ಷೇರನ್ನು ಮಾರಲು ಕಾತರರಾಗಿರುವವರು ಯಾರು, ಕೊಳ್ಳಲು ಇನ್ನೂ ಉಳಿದಿರುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಬೆಳಗಿನ ಒಂದು ಗಂಟೆಯನ್ನು ಅರ್ಥಮಾಡಿಕೊಳ್ಳಬೇಕು. ಹೊಸ ಷೇರಿಗೆ ವಿಶೇಷ ಪೂರ್ವ ವಹಿವಾಟು ಎಂಬ ಅವಧಿ ಇರುತ್ತದೆ. 9 ಗಂಟೆಯಿಂದ ಸುಮಾರು 9.45ರವರೆಗೆ ಕೊಳ್ಳುವವರು, ಮಾರುವವರು ತಮ್ಮ ತಮ್ಮ ಬೆಲೆಯನ್ನು ನಮೂದಿಸುತ್ತಾರೆ. ಯಾವ ಬೆಲೆಯಲ್ಲಿ ಅತಿ ಹೆಚ್ಚು ಷೇರು ಕೈಬದಲಾಗಲು ಸಾಧ್ಯವೋ ಆ ಬೆಲೆಯನ್ನು ಗಣಕ ಲೆಕ್ಕಹಾಕಿ ತೆಗೆಯುತ್ತದೆ, 10 ಗಂಟೆಗೆ ಅದೇ ಆರಂಭಿಕ ಬೆಲೆಯಾಗುತ್ತದೆ. ನಮ್ಮ ಎಪಿಎಂಸಿಯಲ್ಲಿ ಬೆಳಿಗ್ಗೆ ಮೆಣಸಿನಕಾಯಿ ಚೀಲಗಳ ಎದುರು ನಡೆಯುವ ಸವಾಲಿಗೂ ಇದಕ್ಕೂ ತತ್ತ್ವದಲ್ಲಿ ಅಂತರವಿಲ್ಲ. ಆವಕ ಹೆಚ್ಚಿ ಖರೀದಿದಾರರು ಕಡಿಮೆ ಬಂದ ದಿನ ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿಯೂ ದರ ಕಳೆದುಕೊಳ್ಳುತ್ತದೆ. ಹಾಗೆಯೇ ಒಳ್ಳೆಯ ಕಂಪನಿಯ ಷೇರೂ ಮೊದಲ ದಿನ ಸೋಲಬಹುದು, ಸಾಧಾರಣ ಕಂಪನಿಯ ಷೇರೂ ಗೆಲ್ಲಬಹುದು.

ಬೆಲೆಯಲ್ಲೇ ಸೋಲು ಇದ್ದರೆ

ಸೋಲಿಗೆ ಕಾರಣಗಳು ಹಲವು ಇದ್ದರೂ, ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ತೂಕ ಬೆಲೆಗೇ ಸೇರುತ್ತದೆ. ಐಪಿಒ ಬೆಲೆಯನ್ನು ನಿಗದಿಪಡಿಸುವವರು ಮಾರುವವರೇ, ಅಂದರೆ ಪ್ರವರ್ತಕರು (ಕಂಪನಿ ಕಟ್ಟಿ ನಡೆಸುವವರು), ಹಳೆಯ ಹೂಡಿಕೆದಾರರು ಮತ್ತು ಐಪಿಒ ನಡೆಸಿಕೊಡಲು ಅವರು ನೇಮಿಸಿಕೊಂಡ ಮರ್ಚಂಟ್ ಬ್ಯಾಂಕರುಗಳು. ಸಿಕ್ಕಷ್ಟು ಹೆಚ್ಚಿನ ಬೆಲೆ ಪಡೆಯಬೇಕೆಂಬ ಆಸೆ ಅವರಿಗಿರುವುದು ಸಹಜ. ಆದರೆ ಮುಂದಿನ ಎರಡು ಮೂರು ವರ್ಷಗಳ ಬೆಳವಣಿಗೆಯನ್ನೂ ಇಂದಿನ ಬೆಲೆಯಲ್ಲೇ ವಸೂಲು ಮಾಡಿಕೊಂಡರೆ ಲಿಸ್ಟಿಂಗ್ ದಿನ ಕೊಳ್ಳಲು ಬರುವವನಿಗೆ ಏನೂ ಉಳಿಯುವುದಿಲ್ಲ, ಆದ್ದರಿಂದ ಅವನು ಬರುವುದಿಲ್ಲ.

ಇದನ್ನು ಲೆಕ್ಕದಿಂದಲೇ ನೋಡೋಣ. ಒಂದು ಕಾಲ್ಪನಿಕ ಫೌಂಡ್ರಿ ಕಂಪನಿ ಇದೆ ಎಂದುಕೊಳ್ಳಿ. ಐಪಿಒ ನಂತರ ಅದರ ಒಟ್ಟು ಷೇರುಗಳು 5 ಕೋಟಿ, ವಿತರಣಾ ಬೆಲೆ 300 ರೂಪಾಯಿ. ಹಾಗಾದರೆ ಇಡೀ ಕಂಪನಿಗೆ ಅವರು ಕಟ್ಟಿರುವ ಬೆಲೆ 1,500 ಕೋಟಿ ರೂಪಾಯಿ. ಕಳೆದ ವರ್ಷದ ನಿವ್ವಳ ಲಾಭ 25 ಕೋಟಿಯಾಗಿದ್ದರೆ ನೀವು ಒಂದು ರೂಪಾಯಿ ಲಾಭಕ್ಕೆ 60 ರೂಪಾಯಿ ಕೊಡುತ್ತಿದ್ದೀರಿ. ಇದೇ ಕೆಲಸ ಮಾಡುವ, ಈಗಾಗಲೇ ಪೇಟೆಯಲ್ಲಿರುವ ಕಂಪನಿ ಒಂದು ರೂಪಾಯಿ ಲಾಭಕ್ಕೆ 30 ರೂಪಾಯಿಯಂತೆ ಸಿಗುತ್ತಿದ್ದರೆ ಹೊಸದನ್ನು ಯಾರು, ಏಕೆ ಕೊಳ್ಳಬೇಕು? ಇಲ್ಲಿ ಒಂದು ಎಚ್ಚರ ಬೇಕು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಐಪಿಒ ನಂತರದ ಷೇರುಗಳ ಸಂಖ್ಯೆಯನ್ನು. ಲಾಭವನ್ನು ಹಳೆಯ ಸಂಖ್ಯೆಯಿಂದ ಭಾಗಿಸಿದರೆ ಬೆಲೆ ಅಗ್ಗವಾಗಿ ಕಾಣುತ್ತದೆ.

ಈ ಎಲ್ಲ ಅಂಕಿಗಳೂ ಆರ್‌ಎಚ್‌ಪಿ ಎಂಬ, ಐಪಿಒಗೆ ಮುನ್ನ ಕಂಪನಿ ಪ್ರಕಟಿಸುವ ದಾಖಲೆಯಲ್ಲಿರುತ್ತವೆ. ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಮತ್ತು ಷೇರು ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ನಾಲ್ಕೈದು ನೂರು ಪುಟಗಳನ್ನು ನೋಡಿ ಹೆದರಬೇಕಾಗಿಲ್ಲ. ವಿತರಣಾ ಬೆಲೆಯ ಆಧಾರ ಎಂಬ ಅಧ್ಯಾಯವನ್ನು ತೆರೆಯಿರಿ. ಅಲ್ಲಿ ಸಮಾನ ಕಂಪನಿಗಳ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಆರಿಸುವುದೂ ಮಾರುವವರ ಕಡೆಯೇ ಆದ್ದರಿಂದ, ತಮಗಿಂತ ದುಬಾರಿಯಾದ ದೊಡ್ಡ ಕಂಪನಿಗಳನ್ನು ಸಾಲಾಗಿ ನಿಲ್ಲಿಸಿ ತಮ್ಮದು ಅಗ್ಗವೆಂದು ತೋರಿಸುವ ಅವಕಾಶ ಅವರಿಗಿದೆ. ಅದೇ ದಾಖಲೆಯಲ್ಲಿ ಪ್ರವರ್ತಕರು ಮತ್ತು ಮಾರುತ್ತಿರುವ ಹಳೆಯ ಷೇರುದಾರರು ತಮ್ಮ ಷೇರುಗಳನ್ನು ಸರಾಸರಿ ಯಾವ ಬೆಲೆಗೆ ಪಡೆದಿದ್ದರೆಂಬ ವಿವರವೂ ಸಿಗುತ್ತದೆ. ವರ್ಷದ ಹಿಂದೆ 90 ರೂಪಾಯಿಗೆ ಪಡೆದವರು ಇಂದು 300ಕ್ಕೆ ಮಾರುತ್ತಿದ್ದರೆ, ಆ ಒಂದು ವರ್ಷದಲ್ಲಿ ಕಂಪನಿಯಲ್ಲಿ ಏನು ಬದಲಾಗಿದೆ ಎಂಬುದಕ್ಕೆ ಅದೇ ದಾಖಲೆಯಲ್ಲಿ ಉತ್ತರ ಕಾಣಬೇಕು.

ಬೆಲೆಯ ಸೋಲಿಗೆ ಎಲ್ಲರಿಗೂ ನೆನಪಿರುವ ಉದಾಹರಣೆ ಪೇಟಿಎಂ. 2021ರ ನವೆಂಬರ್‌ನಲ್ಲಿ ಅದರ ಮಾತೃ ಕಂಪನಿ ಒನ್97 ಕಮ್ಯುನಿಕೇಷನ್ಸ್ 18,300 ಕೋಟಿ ರೂಪಾಯಿಯ ಐಪಿಒ ತಂದಿತು. ಅಂದಿನವರೆಗೆ ದೇಶದಲ್ಲಿ ಅಷ್ಟು ದೊಡ್ಡ ಐಪಿಒ ಬಂದಿರಲಿಲ್ಲ. ಕಂಪನಿ ಆಗ ನಷ್ಟದಲ್ಲಿತ್ತು, ಬೆಲೆ 2,150 ರೂಪಾಯಿ, ಒಟ್ಟು ಬೇಡಿಕೆ ಮಾರಾಟಕ್ಕಿಟ್ಟ ಷೇರುಗಳ ಎರಡು ಪಟ್ಟನ್ನೂ ಮುಟ್ಟಲಿಲ್ಲ. ನವೆಂಬರ್ 18ರಂದು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯಲ್ಲಿ 1,950ಕ್ಕೆ ತೆರೆದ ಷೇರು ಅಂದು ಸಂಜೆಗೆ ವಿತರಣಾ ಬೆಲೆಗಿಂತ ಸುಮಾರು ಶೇಕಡ 27ರಷ್ಟು ಕುಸಿದಿತ್ತು. ಮೊಬೈಲ್‌ನಲ್ಲಿ ದಿನವೂ ಬಳಸುವ ಹೆಸರು ಎಂಬ ಕಾರಣಕ್ಕೆ ಅರ್ಜಿ ಹಾಕಿದವರು ನಮ್ಮ ಊರಿನಲ್ಲೂ ಇದ್ದರು. ಒಂದು ಸೇವೆ ನಮಗೆ ಅನುಕೂಲವಾಗಿದೆ ಎಂದ ಮಾತ್ರಕ್ಕೆ ಅದರ ಷೇರಿನ ಬೆಲೆ ಸರಿಯಾಗಿದೆ ಎಂದಾಗುವುದಿಲ್ಲ.

ದುಡ್ಡು ಯಾರ ಕೈಗೆ

ಐಪಿಒದಲ್ಲಿ ಎರಡು ಬಗೆಯ ಷೇರುಗಳಿರುತ್ತವೆ. ಹೊಸದಾಗಿ ಹೊರಡಿಸಿದ ಷೇರಿನ ಹಣ ಕಂಪನಿಗೆ ಹೋಗುತ್ತದೆ, ಆಫರ್ ಫಾರ್ ಸೇಲ್ ಎಂಬ ಭಾಗದ ಹಣ ಹಳೆಯ ಷೇರುದಾರರ ಕಿಸೆಗೆ ಹೋಗುತ್ತದೆ. ಪೇಟಿಎಂನಲ್ಲಿ 8,300 ಕೋಟಿ ಕಂಪನಿಗೆ, 10,000 ಕೋಟಿ ಹಳಬರಿಗೆ. 2022ರ ಎಲ್‌ಐಸಿ ಮತ್ತು 2024ರ ಹುಂಡೈ ಮೋಟರ್ ಇಂಡಿಯಾ ಐಪಿಒಗಳಲ್ಲಿ ಪೂರ್ತಿ ಹಣ ಮಾರಿದವರಿಗೇ ಹೋಯಿತು. ಎಲ್‌ಐಸಿಯಲ್ಲಿ ಮಾರಿದ್ದು ಕೇಂದ್ರ ಸರ್ಕಾರ, ಹುಂಡೈಯಲ್ಲಿ ಕೊರಿಯಾದ ಮಾತೃ ಕಂಪನಿ. ಎರಡೂ ಮೊದಲ ದಿನ ವಿತರಣಾ ಬೆಲೆಗಿಂತ ಕೆಳಗೇ ತೆರೆದವು. 949 ರೂಪಾಯಿಯ ಎಲ್‌ಐಸಿ ಎನ್‌ಎಸ್‌ಇಯಲ್ಲಿ 872ಕ್ಕೆ ತೆರೆಯಿತು, 1,960 ರೂಪಾಯಿಯ ಹುಂಡೈ 1,934ಕ್ಕೆ ತೆರೆದು ದಿನದ ಕೊನೆಗೆ ವಿತರಣಾ ಬೆಲೆಗಿಂತ ಸುಮಾರು ಶೇಕಡ 7ರಷ್ಟು ಇಳಿಯಿತು.

ಹಾಗೆಂದು ಆಫರ್ ಫಾರ್ ಸೇಲ್ ಕಂಡೊಡನೆ ದೂರ ಸರಿಯಬೇಕೆಂದು ನಾನು ಹೇಳುವುದಿಲ್ಲ. ಎಲ್‌ಐಸಿ 2024ರ ಆರಂಭದಲ್ಲಿ, ಹುಂಡೈ 2025ರಲ್ಲಿ ತಮ್ಮ ವಿತರಣಾ ಬೆಲೆಯನ್ನು ದಾಟಿದವು. ನೋಡಬೇಕಾದದ್ದು ಮಾರುತ್ತಿರುವವರು ಯಾರು, ತಮ್ಮ ಪಾಲಿನಲ್ಲಿ ಎಷ್ಟನ್ನು ಮಾರುತ್ತಿದ್ದಾರೆ ಎಂಬುದನ್ನು. ಹತ್ತು ವರ್ಷ ಕಾದ ಹೂಡಿಕೆ ನಿಧಿಯೊಂದು ತನ್ನ ಅವಧಿ ಮುಗಿದು ಹೊರಹೋಗುವುದಕ್ಕೂ, ಕಾರ್ಖಾನೆ ನಡೆಸುವ ಪ್ರವರ್ತಕನೇ ತನ್ನ ಅರ್ಧ ಪಾಲನ್ನು ಮಾರಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಕಂಪನಿಗೇ ಹಣ ಹೋಗುವಾಗ ಅದರ ಉದ್ದೇಶವನ್ನೂ ಓದಿ. ಹೊಸ ಯಂತ್ರಕ್ಕೆಂದು ಬರೆದಿದ್ದರೆ ಆ ಯಂತ್ರದ ದರಪಟ್ಟಿಯ ವಿವರ ಇರುತ್ತದೆ. ಬಹುಪಾಲು ಹಣ ಹಳೆಯ ಸಾಲ ತೀರಿಸುವುದಕ್ಕೇ ಹೋಗುತ್ತಿದ್ದರೆ, ಆ ಸಾಲ ಏಕೆ ಆಯಿತೆಂದು ಹಿಂದಿನ ಪುಟಗಳಲ್ಲಿ ಹುಡುಕಿ.

ಕಾಕಾನ ಒಂದು ಲಾಟು

ಲಾಭದ ಅಂಕಿ ಎಷ್ಟು ಗಟ್ಟಿ ಎಂಬುದನ್ನು ಪರೀಕ್ಷಿಸುವ ಬಗೆಯನ್ನು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಹೇಳುತ್ತೇನೆ. ನನ್ನ ಕಾಕಾ ರವಿವಾರ ಪೇಟೆಯಲ್ಲಿ ಬೆಲ್ಲ, ಬೇಳೆಕಾಳುಗಳ ಸಗಟು ವ್ಯಾಪಾರಿ. ಎರಡು ವರ್ಷಗಳ ಹಿಂದೆ ಎಸ್‌ಎಂಇ (ಸಣ್ಣ, ಮಧ್ಯಮ ಕಂಪನಿಗಳ) ವಿಭಾಗದ ಒಂದು ಐಪಿಒಗೆ, ನನ್ನನ್ನು ಕೇಳದೆ, ಒಂದು ಲಾಟಿಗೆ, ಅಂದರೆ ಒಟ್ಟಾಗಿಯೇ ಕೊಳ್ಳಬೇಕಾದ ಒಂದು ಕಟ್ಟು ಷೇರಿಗೆ, ಅರ್ಜಿ ಹಾಕಿದ್ದರು. ಲಾಟಿನಲ್ಲಿ 1,200 ಷೇರು, ಬೆಲೆ 100 ರೂಪಾಯಿ, ಒಟ್ಟು 1,20,000 ರೂಪಾಯಿ. ಕೇಳಿದಾಗ, "ಎಲ್ಲಾರೂ ಹಾಕ್ಯಾರಪಾ, ನಂದೂ ಒಂದ ಇರಲಿ ಅಂತ ಹಾಕೀನಿ" ಎಂದರು. ಅಲಾಟ್‌ಮೆಂಟ್ ಬಂದಾಗ, ಅಂದರೆ ಷೇರು ಅವರ ಪಾಲಿಗೆ ಸಿಕ್ಕಾಗ, ಅಂಗಡಿಯಲ್ಲಿ ಕುಂದಾ ಹಂಚಿದರು. ಅವರಿಗೆ ಅಷ್ಟು ಸುಲಭವಾಗಿ ಷೇರು ಸಿಕ್ಕಿದ್ದೇ ಬೇಡಿಕೆ ತೆಳುವಾಗಿತ್ತು ಎಂಬುದರ ಸೂಚನೆ ಎಂದು ಆ ಹೊತ್ತಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ.

ಲಿಸ್ಟಿಂಗ್ ದಿನ ಷೇರು 82ಕ್ಕೆ ತೆರೆಯಿತು. ಕೆಲವೇ ನಿಮಿಷಗಳಲ್ಲಿ, ಒಂದು ದಿನದಲ್ಲಿ ಇಳಿಯಬಹುದಾದ ಶೇಕಡ 5ರ ಕೆಳ ಮಿತಿಗೆ, ಅಂದರೆ 77.90ಕ್ಕೆ ಬಂದು ನಿಂತಿತು. ಕಾಕಾನ ಮೊಬೈಲ್‌ನಲ್ಲಿ ಎಡಬದಿಯ ಕೊಳ್ಳುವವರ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಸೊನ್ನೆಗಳು, ಬಲಬದಿಯಲ್ಲಿ ಮಾರುವವರ ಲಾಟುಗಳು ಒಂದರ ಕೆಳಗೊಂದು ಬೆಳೆಯುತ್ತಿದ್ದವು. ನೂರು ಷೇರನ್ನಾದರೂ ಮಾರೋಣವೆಂದರೆ ಆ ವಿಭಾಗದಲ್ಲಿ ಲಾಟು ಒಡೆದು ಮಾರಲು ಬರುವುದಿಲ್ಲ. ಮರುದಿನ 74, ಮೂರನೆಯ ದಿನ 70.30. ಅಂದು ಮಧ್ಯಾಹ್ನ ಯಾರೋ ಒಬ್ಬರು ಕೊಂಡರು. ಕೈಗೆ ಬಂದದ್ದು 84,360 ರೂಪಾಯಿ.

ಆ ಸಂಜೆ ಇಬ್ಬರೂ ಕುಳಿತು ಆ ಕಂಪನಿಯ ಆರ್‌ಎಚ್‌ಪಿಯನ್ನು ಮೊದಲ ಬಾರಿಗೆ ತೆರೆದೆವು. ಕೊನೆಯ ವರ್ಷದಲ್ಲಿ ಮಾರಾಟ ಇಮ್ಮಡಿಯಾಗಿತ್ತು, ಲಾಭ ಮೂರು ಪಟ್ಟಾಗಿತ್ತು. ಆದರೆ ಬರಬೇಕಾದ ಬಾಕಿ ಅದಕ್ಕಿಂತ ವೇಗವಾಗಿ ಏರಿತ್ತು, ವ್ಯವಹಾರದಿಂದ ಬಂದ ನಗದಿನ ಸಾಲಿನಲ್ಲಿ ಅಂಕಿ ಆವರಣದೊಳಗಿತ್ತು, ಅಂದರೆ ಋಣಾತ್ಮಕವಾಗಿತ್ತು. ಕಾಕಾ ಎರಡು ನಿಮಿಷ ಅದನ್ನೇ ನೋಡಿ, "ಅಂದ್ರ ಇವರದೆಲ್ಲಾ ಉದ್ರಿ ಮ್ಯಾಲ ನಡದೈತಿ" ಎಂದರು. ನಲವತ್ತು ವರ್ಷ ಉದ್ರಿ ವಹಿ ಬರೆದ ಮನುಷ್ಯನಿಗೆ ಅದು ತಿಳಿಯಲು ಎರಡೇ ನಿಮಿಷ ಸಾಕಾಯಿತು. ಅರ್ಜಿ ಹಾಕುವ ಮೊದಲು ಆ ಪುಟವನ್ನು ಅವರ ಮುಂದೆ ಹಿಡಿಯುವವರು ಯಾರೂ ಇರಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ.

ಆದ್ದರಿಂದ ನಗದು ಹರಿವಿನ ಪಟ್ಟಿಯನ್ನು ಮೂರು ವರ್ಷಗಳ ಲಾಭದ ಪಕ್ಕದಲ್ಲಿಟ್ಟು ನೋಡುವುದನ್ನು ತಪ್ಪಿಸಬೇಡಿ. ಲಾಭ ಏರುತ್ತಾ ನಗದು ಇಳಿಯುತ್ತಿದ್ದರೆ, ಐಪಿಒ ವರ್ಷಕ್ಕೆಂದೇ ಮಾರಾಟವನ್ನು ಹಿಗ್ಗಿಸಿರುವ ಸಾಧ್ಯತೆಯಿದೆ. ದೊಡ್ಡ ಸಂಸ್ಥೆಗಳ ವಿಶ್ಲೇಷಕರು ಮೊದಲು ನೋಡುವುದು ಇದನ್ನೇ ಆದ್ದರಿಂದ, ಅಂಥ ಷೇರಿಗೆ ಲಿಸ್ಟಿಂಗ್ ದಿನ ದೊಡ್ಡ ಖರೀದಿದಾರ ಬರುವುದಿಲ್ಲ. ಜೊತೆಗೆ ಗ್ರಾಹಕರ ಪಟ್ಟಿಯಲ್ಲಿ ಒಬ್ಬನಿಗೇ ಅರ್ಧದಷ್ಟು ಮಾಲು ಹೋಗುತ್ತಿದೆಯೇ, ಪ್ರವರ್ತಕರ ಬೇರೆ ಕಂಪನಿಗಳೊಡನೆ ಎಷ್ಟು ವ್ಯವಹಾರವಿದೆ, ನ್ಯಾಯಾಲಯದಲ್ಲಿ ಎಂಥ ಮೊಕದ್ದಮೆಗಳಿವೆ ಎಂಬುದನ್ನೂ ಕಣ್ಣಾಡಿಸಿ.

ಎಸ್‌ಎಂಇ ವಿಭಾಗದ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. 2024ರ ಆಗಸ್ಟ್‌ನಲ್ಲಿ ದಿಲ್ಲಿಯ ರಿಸೋರ್ಸ್‌ಫುಲ್ ಆಟೊಮೊಬೈಲ್ ಎಂಬ ಕಂಪನಿ ಸುಮಾರು 12 ಕೋಟಿ ರೂಪಾಯಿಗೆ ಐಪಿಒ ತಂದಿತು. ಅದಕ್ಕಿದ್ದದ್ದು ಎರಡು ಬೈಕ್ ಷೋರೂಮು, ಎಂಟು ನೌಕರರು. ನಾಲ್ಕು ನೂರು ಪಟ್ಟಿಗಿಂತ ಹೆಚ್ಚು ಬೇಡಿಕೆ ಬಂದು ದೇಶವೇ ಬೆರಗಾಯಿತು, ಆದರೂ ಷೇರು ತೆರೆದದ್ದು ವಿತರಣಾ ಬೆಲೆಯಾದ 117ಕ್ಕೇ. ಅದೇ ವರ್ಷ ಟ್ರಾಫಿಕ್‌ಸೋಲ್ ಐಟಿಎಸ್ ಟೆಕ್ನಾಲಜೀಸ್ ಎಂಬ ಕಂಪನಿಯ ಷೇರು ಲಿಸ್ಟಿಂಗ್ ಹಂತದಲ್ಲೇ ತಡೆಹಿಡಿಯಲ್ಪಟ್ಟಿತು. ಐಪಿಒ ಹಣದಿಂದ ತಂತ್ರಾಂಶ ಕೊಳ್ಳುವುದಾಗಿ ಹೇಳಿದ್ದ ಮಾರಾಟಗಾರ ಸಂಸ್ಥೆಯ ಬಗ್ಗೆ ತನಿಖೆ ನಡೆಸಿದ ಸೆಬಿ, ಡಿಸೆಂಬರ್‌ನಲ್ಲಿ ಹೂಡಿಕೆದಾರರ ಹಣ ಹಿಂದಿರುಗಿಸುವಂತೆ ಆದೇಶಿಸಿತು. ಈಗ ಎಸ್‌ಎಂಇ ಐಪಿಒಗೆ ಕನಿಷ್ಠ ಅರ್ಜಿ ಮೊತ್ತ 2 ಲಕ್ಷ ರೂಪಾಯಿಗಿಂತ ಹೆಚ್ಚಾಗಿರಬೇಕೆಂಬ ನಿಯಮ ಬಂದಿದೆ. ಅಷ್ಟು ಹಣವನ್ನು ಲಾಟು ಒಡೆಯಲಾಗದ ಷೇರಿನಲ್ಲಿ ಕೆಲವು ವರ್ಷ ಬಿಡಲು ಸಾಧ್ಯವಿಲ್ಲದವರು ಆ ಕಡೆ ಹೋಗದಿರುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಷ್ಟು ಪಟ್ಟು ಎಂಬ ಅಂಕಿಯನ್ನು ಓದುವ ಬಗೆ

ಒಟ್ಟು ಬೇಡಿಕೆ ಎಷ್ಟು ಪಟ್ಟು ಬಂತು ಎಂಬುದಕ್ಕಿಂತ ಯಾವ ವರ್ಗದಿಂದ ಬಂತು ಎಂಬುದು ಮುಖ್ಯ. ಮುಖ್ಯ ವಿಭಾಗದ ಐಪಿಒದಲ್ಲಿ ಸಾಮಾನ್ಯವಾಗಿ ಸಾಂಸ್ಥಿಕ ಹೂಡಿಕೆದಾರರಿಗೆ ಶೇಕಡ 50, ಸಾಂಸ್ಥಿಕೇತರ ದೊಡ್ಡ ಹೂಡಿಕೆದಾರರಿಗೆ 15, ನಮ್ಮಂಥ ಚಿಲ್ಲರೆ ಹೂಡಿಕೆದಾರರಿಗೆ 35 ಮೀಸಲು. ಲಾಭದ ಮಾನದಂಡ ತಲುಪದ ಕಂಪನಿಯಾದರೆ ಸಾಂಸ್ಥಿಕರಿಗೆ 75, ನಮಗೆ 10 ಮಾತ್ರ. ಅರ್ಜಿಯ ಮೊದಲ ದಿನವೇ ಹತ್ತು ಪಟ್ಟು ತುಂಬಿಸುವವರಲ್ಲಿ ಬಹಳಷ್ಟು ಜನ ಲಿಸ್ಟಿಂಗ್ ದಿನ 10 ಗಂಟೆಗೆ ಮಾರುವ ಉದ್ದೇಶದಿಂದಲೇ ಬಂದವರು. ಮ್ಯೂಚುವಲ್ ಫಂಡ್, ವಿಮಾ ಕಂಪನಿಗಳಂಥ ಸಂಸ್ಥೆಗಳು ಬೇಕಾದಷ್ಟು ಷೇರು ಸಿಗದೆ ಹೊರಗುಳಿದಾಗ ಮಾತ್ರ ಅವು ಪೇಟೆಯಲ್ಲಿ ಕೊಳ್ಳಲು ಬರುತ್ತವೆ. ಹುಂಡೈ ಐಪಿಒದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಒಟ್ಟು ಬೇಡಿಕೆ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಿತ್ತು, ಚಿಲ್ಲರೆ ಭಾಗ ಅರ್ಧದಷ್ಟೇ ತುಂಬಿತು. ಬೇಕೆಂದ ಚಿಲ್ಲರೆ ಹೂಡಿಕೆದಾರರಿಗೆಲ್ಲ ಷೇರು ಸಿಕ್ಕ ಮೇಲೆ ಲಿಸ್ಟಿಂಗ್ ದಿನ ಆ ವರ್ಗದಲ್ಲಿ ಹೊಸದಾಗಿ ಕೊಳ್ಳುವವರು ಎಲ್ಲಿಂದ ಬರಬೇಕು?

ಬೇಡಿಕೆ ಉಕ್ಕಿದರೂ ಸೋಲು ಬರಬಹುದೆಂಬುದಕ್ಕೆ 2008ರ ರಿಲಯನ್ಸ್ ಪವರ್ ದೊಡ್ಡ ಸಾಕ್ಷಿ. ಅದರ ವಿದ್ಯುತ್ ಯೋಜನೆಗಳು ಆಗಿನ್ನೂ ಕಾರ್ಯಾರಂಭ ಮಾಡಿರಲಿಲ್ಲ. ಬೆಲೆ 450 ರೂಪಾಯಿ, ಚಿಲ್ಲರೆಯವರಿಗೆ 430, ಬೇಡಿಕೆ ಸುಮಾರು 73 ಪಟ್ಟು. ಅರ್ಜಿ ಮುಚ್ಚಿದ್ದು ಜನವರಿ 18ರಂದು, ಜನವರಿ 21ರಂದು ಜಗತ್ತಿನ ಪೇಟೆಗಳೊಡನೆ ಸೆನ್ಸೆಕ್ಸ್ ಕೂಡ ಕುಸಿಯಿತು. ಫೆಬ್ರುವರಿ 11ರಂದು ಷೇರು ಮೇಲೆ ತೆರೆದರೂ ಸಂಜೆಯ ಹೊತ್ತಿಗೆ 372.50ಕ್ಕೆ ಇಳಿದಿತ್ತು. ಸಾಲ ಮಾಡಿ ಅರ್ಜಿ ಹಾಕಿದವರೆಲ್ಲ ಒಮ್ಮೆಗೇ ಮಾರಲು ಮುಗಿಬಿದ್ದರೆ 73 ಪಟ್ಟು ಬೇಡಿಕೆ 73 ಪಟ್ಟು ಅವಸರವಾಗಿ ಬದಲಾಗುತ್ತದೆ.

ಬೆಲೆ ನಿಗದಿಗೂ ಲಿಸ್ಟಿಂಗಿಗೂ ನಡುವೆ ಪೇಟೆಯ ಹವೆ ಕೆಡುವುದು ಕಂಪನಿಯ ಕೈಯಲ್ಲಿಲ್ಲದ ಕಾರಣ. ಆಗ ಮೂರು ವಾರಗಳಿದ್ದ ಆ ಅಂತರವನ್ನು 2023ರ ಡಿಸೆಂಬರ್‌ನಿಂದ ಮೂರು ಕೆಲಸದ ದಿನಗಳಿಗೆ ಇಳಿಸಿರುವುದು ನಮಗೆ ದೊಡ್ಡ ಅನುಕೂಲ. ಆದರೂ ಅರ್ಜಿಯ ದಿನಗಳಲ್ಲೇ ಆಘಾತ ಬರಬಹುದು. ಎಲ್‌ಐಸಿ ಐಪಿಒ ತೆರೆದ 2022ರ ಮೇ 4ರಂದೇ ರಿಸರ್ವ್ ಬ್ಯಾಂಕ್ ಅನಿರೀಕ್ಷಿತವಾಗಿ ರೆಪೊ ದರ ಏರಿಸಿತ್ತು. ವಿನಿಮಯ ಕೇಂದ್ರದ ಗಣಕಗಳೇ ಕೈಕೊಟ್ಟ ನಿದರ್ಶನಗಳೂ ಇವೆ. 2012ರಲ್ಲಿ ಅಮೆರಿಕದ ನಾಸ್ಡಾಕ್‌ನಲ್ಲಿ ಫೇಸ್‌ಬುಕ್ ವಹಿವಾಟು ಆರಂಭವಾಗುವುದೇ ತಡವಾಗಿ, 38 ಡಾಲರ್ ಬೆಲೆಯ ಷೇರು ಅಂದು ಹೇಗೋ 38.23ರಲ್ಲಿ ಕೊನೆಗೊಂಡಿತು. ಇಂಥದ್ದನ್ನು ಮುಂಚಿತವಾಗಿ ಊಹಿಸುವ ದಾರಿಯಿಲ್ಲ.

ಕಡೆಯ ದಿನ, ಮತ್ತು ನಂತರ

ನನ್ನ ಸಲಹೆ ಇಷ್ಟು. ಆರ್‌ಎಚ್‌ಪಿಯನ್ನು ಅರ್ಜಿ ತೆರೆಯುವ ಮೊದಲೇ ಓದಿ, ಅರ್ಜಿಯನ್ನು ಮಾತ್ರ ಮೂರನೆಯ, ಅಂದರೆ ಕಡೆಯ, ದಿನದವರೆಗೆ ತಡೆಹಿಡಿಯಿರಿ. ಸಾಂಸ್ಥಿಕ ಹೂಡಿಕೆದಾರರ ಬೇಡಿಕೆ ಬಹುತೇಕ ಕಡೆಯ ದಿನವೇ ಬರುತ್ತದೆ, ಎನ್‌ಎಸ್‌ಇ ಮತ್ತು ಬಿಎಸ್‌ಇ ಜಾಲತಾಣಗಳಲ್ಲಿ ವರ್ಗವಾರು ಅಂಕಿಗಳು ಆಗಿಂದಾಗ್ಗೆ ಕಾಣುತ್ತವೆ. ಮಧ್ಯಾಹ್ನದ ವೇಳೆಗೂ ಆ ಸಾಲು ಒಂದೆರಡು ಪಟ್ಟಿನಲ್ಲೇ ಉಳಿದಿದ್ದರೆ ಅರ್ಜಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ, ಮುಖ್ಯ ವಿಭಾಗದ ಐಪಿಒದಲ್ಲಿ ಚಿಲ್ಲರೆ ಅರ್ಜಿದಾರರಿಗೆ ಅವಧಿ ಮುಗಿಯುವ ಮುನ್ನ ಹಿಂಪಡೆಯುವ ಹಕ್ಕಿದೆ. ದೊಡ್ಡವರಿಗಿಲ್ಲದ ಈ ಹಕ್ಕನ್ನು ನಮ್ಮವರು ಬಳಸುವುದೇ ಕಡಿಮೆ. ಅರ್ಜಿಯ ಹಣವನ್ನು ಖಾತೆಯಲ್ಲಿ ಕಾಯ್ದಿರಿಸುವ ಯುಪಿಐ ಮ್ಯಾಂಡೇಟ್‌ಗೆ ಒಪ್ಪಿಗೆ ಕೊಡದಿದ್ದರೂ ಅರ್ಜಿ ಊರ್ಜಿತವಾಗುವುದಿಲ್ಲ.

ಷೇರು ಸಿಕ್ಕು, ಕೆಳಗೆ ತೆರೆದರೆ ಏನು ಮಾಡಬೇಕೆಂಬುದು ನೀವು ಏಕೆ ಕೊಂಡಿರಿ ಎಂಬುದರ ಮೇಲೆ ನಿಂತಿದೆ. ಲಿಸ್ಟಿಂಗ್ ಲಾಭಕ್ಕೆಂದೇ ಹಾಕಿದ್ದರೆ ಅಂದೇ ಮಾರಿ ನಷ್ಟವನ್ನು ಅಲ್ಲಿಗೆ ನಿಲ್ಲಿಸುವುದು ಒಳಿತು. ಕಂಪನಿಯನ್ನು ಓದಿ ಮೆಚ್ಚಿ ಹಾಕಿದ್ದರೆ ಮೂರು ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಐಪಿಒ ತೆರೆಯುವ ಮುನ್ನವೇ ಷೇರು ಪಡೆಯುವ ಆಂಕರ್ ಹೂಡಿಕೆದಾರರ ಅರ್ಧ ಷೇರುಗಳ ಮೇಲಿನ ಮಾರಾಟ ನಿರ್ಬಂಧ ಅಲಾಟ್‌ಮೆಂಟ್ ಆದ 30 ದಿನಕ್ಕೆ ತೀರುತ್ತದೆ, ಉಳಿದರ್ಧದ್ದು 90 ದಿನಕ್ಕೆ. ಪ್ರವರ್ತಕರಲ್ಲದ ಹಳೆಯ ಷೇರುದಾರರಲ್ಲಿ ಹೆಚ್ಚಿನವರ ನಿರ್ಬಂಧ 6 ತಿಂಗಳಿಗೆ ಮುಗಿಯುತ್ತದೆ. ಆ ದಿನಗಳ ಆಸುಪಾಸಿನಲ್ಲಿ ಪೇಟೆಗೆ ಹೊಸ ಆವಕ ಬರುತ್ತದೆ, ಆಗ ಬೆಲೆ ಇನ್ನಷ್ಟು ಇಳಿಯಬಹುದು. ಹೆಚ್ಚು ಕೊಳ್ಳುವ ಮನಸ್ಸಿದ್ದರೆ ಆ ಆವಕ ಬರುವವರೆಗೆ ಕಾಯಿರಿ. ಕಾಕಾ ಈಗ ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಈ ತಾರೀಖುಗಳನ್ನು ಬರೆದಿಡುತ್ತಾರೆ, ಹೊಸ ಐಪಿಒ ಬಂದರೆ ನಗದು ಹರಿವಿನ ಪುಟವನ್ನು ಮುದ್ರಿಸಿ ತರುವಂತೆ ನನಗೆ ಫೋನ್ ಮಾಡುತ್ತಾರೆ.